ಮೂಟೆ ಹೊತ್ತವನಿಗೆ ಪಿ.ಎಫ್. ಉಂಟು, ಗಲ್ಲೆಯಲ್ಲಿ ಕೂತವನಿಗೆ?

ನವಿಮುಂಬಯಿಯ ವಾಶಿಯಲ್ಲಿರುವ ಎಪಿಎಂಸಿ ಮಾರುಕಟ್ಟೆಗೆ ದಿನವೂ ಈರುಳ್ಳಿ, ಬಟಾಟೆ ತುಂಬಿದ ಲಾರಿಗಳು ಬಂದು ನಿಲ್ಲುತ್ತವೆ. ಆ ಮೂಟೆಗಳನ್ನು ಇಳಿಸುವವರು ಮಾಥಾಡಿ ಕಾರ್ಮಿಕರು. ತಲೆ, ಹೆಗಲು, ಬೆನ್ನಿನ ಮೇಲೆ ಭಾರ ಹೊರುವ ಇವರಿಗೆ ಇಂಥವನೇ ಯಜಮಾನ ಎಂದಿಲ್ಲ; ಇವತ್ತು ಈ ಗಾಳೆಯ ವ್ಯಾಪಾರಿಯ ಸರಕು, ನಾಳೆ ಆ ಗಾಳೆಯವನದು. ಆದರೂ ಕಾನೂನಿನಡಿ ರಚಿತವಾದ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಮಾಥಾಡಿಯ ಹೆಸರಿನಲ್ಲಿ ಭವಿಷ್ಯನಿಧಿ ಜಮೆಯಾಗುತ್ತದೆ, ಗ್ರಾಚ್ಯುಟಿ ಇದೆ, ಬೋನಸ್ ಇದೆ, ಕಾಯಿಲೆ ಬಿದ್ದರೆ ಚಿಕಿತ್ಸೆಗೆ ದಾರಿ ಇದೆ. ಅದೇ ಈರುಳ್ಳಿಯನ್ನು ಟೆಂಪೋದಲ್ಲಿ ತರಿಸಿಕೊಂಡು ಡೊಂಬಿವಲಿಯಲ್ಲೋ ಥಾಣೆಯಲ್ಲೋ ಹೊಟೇಲು ನಡೆಸುವ ಕರಾವಳಿಯ ಮಾಲೀಕನಿಗೆ, ಕಲ್ಯಾಣ್ ಸ್ಟೇಷನ್ ಹೊರಗೆ ರಿಕ್ಷಾ ಓಡಿಸುವವನಿಗೆ, ಮನೆಯಲ್ಲೇ ಟ್ಯೂಷನ್ ಹೇಳುವ ಶಿಕ್ಷಕಿಗೆ ಕಾನೂನಿನ ಬಲದಿಂದ ಸಿಗುವುದು ಇವುಗಳಲ್ಲಿ ಒಂದೂ ಇಲ್ಲ. ಕೈಕಾಲು ಗಟ್ಟಿ ಇರುವಷ್ಟು ದಿನ ದುಡಿಮೆ, ಆಮೇಲೆ ಮಕ್ಕಳ ದಾರಿ ಕಾಯುವುದು ಎಂಬುದೇ ಇವರ ವೃದ್ಧಾಪ್ಯದ ಯೋಜನೆ.

ಮೂಟೆ ಹೊರುವವನಿಗೆ ಸಿಕ್ಕ ಭದ್ರತೆ ಗಲ್ಲೆಯಲ್ಲಿ ಕೂತವನಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಮಾಥಾಡಿಯ ದುಡಿಮೆಯ ಮೇಲೆ ಒಂದು ಪಾಲನ್ನು ಕಡ್ಡಾಯವಾಗಿ ತೆಗೆದಿಡುವ ಕಾನೂನನ್ನು ಮಹಾರಾಷ್ಟ್ರ 1969ರಲ್ಲಿ ಮಾಡಿತು; ಸ್ವಂತ ಉದ್ಯೋಗಿಯ ವಿಷಯದಲ್ಲಿ ಯಾರೂ ಹಾಗೆ ಮಾಡಲಿಲ್ಲ. ಈಗ ಮಾಡಬೇಕು. ಸ್ವಂತ ದುಡಿಮೆಯವರಿಂದ ಅವರವರ ಶಕ್ತಿಗೆ ತಕ್ಕಂತೆ ಒಂದು ವಂತಿಗೆಯನ್ನು ತೆರಿಗೆಯ ರೂಪದಲ್ಲೇ ಪಡೆದು, ಅದನ್ನು ಅವರವರ ಊರಿನ ಹಿರಿಯರ ಆರೈಕೆಗೆಂದೇ ಮೀಸಲಿಡಬೇಕು. ತೆರಿಗೆ ಎಂದ ಕೂಡಲೇ ಮುಖ ಗಂಟಿಕ್ಕುವುದು ಸಹಜ. ಆದರೆ ಈ ಹೊರೆ ಈಗಾಗಲೇ ಅವರ ಮನೆಯೊಳಗೇ ಇದೆ, ಯಾರ ಲೆಕ್ಕದ ಪುಸ್ತಕಕ್ಕೂ ಏರದೆ. ಅದನ್ನು ಒಬ್ಬೊಬ್ಬರೇ ಹೊರುವ ಬದಲು ಎಲ್ಲರೂ ಸೇರಿ ಹೊರೋಣ ಎಂಬುದಷ್ಟೇ ಇಲ್ಲಿನ ಮಾತು.

ಮೊದಲು ಈ ಊರುಗಳ ವಯಸ್ಸನ್ನು ನೋಡೋಣ. 2011ರ ಜನಗಣತಿಯಲ್ಲಿ ದೇಶದ ಅತಿ ಹೆಚ್ಚು ಜನರಿದ್ದ ಜಿಲ್ಲೆ ಥಾಣೆ. ಒಂದು ಕೋಟಿಗೂ ಮಿಕ್ಕಿ ಜನ. ಅದರಿಂದ ಪಾಲ್ಘರ್ ಬೇರೆಯಾದದ್ದು 2014ರಲ್ಲಿ. ನವಿಮುಂಬಯಿಯನ್ನು ಕಟ್ಟಲು ಸಿಡ್ಕೊ ಸ್ಥಾಪನೆಯಾದದ್ದು 1970ರಲ್ಲಿ. ಮುಂಬಯಿಯೊಳಗೆ ಮನೆ ಕೊಳ್ಳಲಾಗದವರು ಲೋಕಲ್ ರೈಲಿನ ಹಳಿ ಹಿಡಿದು ಥಾಣೆ, ಡೊಂಬಿವಲಿ, ಕಲ್ಯಾಣಕ್ಕೆ ಬಂದರು. ಆಮೇಲಾಮೇಲೆ ಖಾಡಿ ದಾಟಿ ವಾಶಿ, ನೆರೂಲ್ ಸೇರಿದರು. ಉಡುಪಿ, ಮಂಗಳೂರು, ಕುಂದಾಪುರದ ಕಡೆಯವರು ಅವರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುವಷ್ಟು ಬೇರುಬಿಟ್ಟ ಸಮಾಜ ಅದು. 1990ರ ಸುಮಾರಿಗೆ ಇಪ್ಪತ್ತೈದು, ಮೂವತ್ತರ ಪ್ರಾಯದಲ್ಲಿ ಇಲ್ಲಿ ಅಂಗಡಿ, ಹೊಟೇಲು ತೆರೆದವರಿಗೆ ಈಗ ಅರವತ್ತು ದಾಟಿದೆ. ಮಕ್ಕಳು ಓದಿ ಬೆಂಗಳೂರು, ಪುಣೆ, ಗಲ್ಫ್, ಅಮೆರಿಕ ಎಂದು ಹೊರಟಿದ್ದಾರೆ. ಹೊಟೇಲನ್ನು ಕಂಡಕ್ಟಿಂಗ್‌ಗೆ ಕೊಟ್ಟು ಬಾಡಿಗೆಯ ಮೇಲೆ ಬದುಕುವವರಿದ್ದಾರೆ. ಕೊನೆಗಾಲಕ್ಕೆ ಊರಿಗೆ ಹೋಗಿ ನೆಲೆಸೋಣ ಎಂದರೆ ಊರಿನ ಮನೆಯಲ್ಲೂ ನೋಡಿಕೊಳ್ಳುವವರು ಉಳಿದಿಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. 2011ರಲ್ಲಿ ದೇಶದ ನೂರು ಜನರಲ್ಲಿ ಒಂಬತ್ತಕ್ಕೂ ಕಡಿಮೆ ಮಂದಿ ಅರವತ್ತು ದಾಟಿದವರು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಹಾಗಿರುತ್ತಾರೆ ಎಂದು ಅಂದಾಜು.

ಇಲ್ಲಿ ಚಿಕಿತ್ಸೆ ಮತ್ತು ಆರೈಕೆಯನ್ನು ಬೇರೆಬೇರೆಯಾಗಿ ನೋಡಬೇಕು. 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆ ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ. ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆ ಆದೀತು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮರುದಿನದಿಂದ ಸ್ನಾನ ಮಾಡಿಸುವವರು, ಮಗ್ಗುಲು ಬದಲಿಸುವವರು, ಹೊತ್ತಿಗೆ ಮಾತ್ರೆ ಕೊಡುವವರು ಯಾರು ಎಂಬುದಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ಉತ್ತರವಿಲ್ಲ. ಆರೈಕೆಗೆ ಜನ ಒದಗಿಸುವ ಬ್ಯೂರೋದಿಂದ ಹನ್ನೆರಡು ಗಂಟೆಯ ಪಾಳಿಗೆ ಆಯಾ ಕರೆಸಿದರೆ ತಿಂಗಳಿಗೆ ಇಪ್ಪತ್ತು ಸಾವಿರ ದಾಟುವುದು ಈ ಭಾಗದಲ್ಲಿ ಸಾಮಾನ್ಯ. ಸರಕಾರ ಕೈಗಿಡುವುದು ಎಷ್ಟು? ಬಡತನ ರೇಖೆಯ ಕೆಳಗಿನ ಅರವತ್ತರಿಂದ ಎಪ್ಪತ್ತೊಂಬತ್ತರ ವಯಸ್ಸಿನವರಿಗೆ ಕೇಂದ್ರ ಕೊಡುವ ಪಿಂಚಣಿ ತಿಂಗಳಿಗೆ 200 ರೂಪಾಯಿ. 2007ರಿಂದ ಅದು ಕದಲಿಲ್ಲ. ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆಯಲ್ಲಿ 1,500 ರೂಪಾಯಿ, ಅದೂ ಕುಟುಂಬದ ವಾರ್ಷಿಕ ಆದಾಯ 21,000 ರೂಪಾಯಿಯ ಒಳಗಿದ್ದರೆ. ಸಣ್ಣ ಅಂಗಡಿ ಇಟ್ಟವನು ಈ ಮಿತಿಗೆ ಸಿರಿವಂತ, ಬ್ಯೂರೋದ ದರಕ್ಕೆ ಬಡವ. ಎರಡರ ನಡುವೆ ಸಿಕ್ಕಿಬಿದ್ದವರೇ ಇಲ್ಲಿ ಬಹುಮಂದಿ.

ಸಂಬಳದ ನೌಕರನ ಕಥೆ ಬೇರೆ. ಅವನ ಸಂಬಳದಿಂದ ಶೇ. 12, ಮಾಲೀಕನಿಂದ ಅಷ್ಟೇ ಮೊತ್ತ ತಿಂಗಳು ತಿಂಗಳು ಕತ್ತರಿಸಿ ಭವಿಷ್ಯನಿಧಿಗೆ ಹೋಗುತ್ತದೆ. ಕೈಗೆ ಬಂದಿದ್ದರೆ ಖರ್ಚಾಗುತ್ತಿದ್ದ ಹಣ, ಕೈಗೆ ಬಾರದ ಕಾರಣಕ್ಕೇ ಉಳಿಯುತ್ತದೆ. ಆದರೆ 2023–24ರ ಕಾರ್ಮಿಕ ಸಮೀಕ್ಷೆಯಂತೆ ಈ ದೇಶದಲ್ಲಿ ದುಡಿಯುವ ನೂರರಲ್ಲಿ ಐವತ್ತೆಂಟು ಮಂದಿ ಸ್ವಂತ ಉದ್ಯೋಗದವರು. ಅವರಿಗಾಗಿ ಸರಕಾರ ಐಚ್ಛಿಕ ಯೋಜನೆಗಳನ್ನು ತಂದದ್ದುಂಟು. ಸಣ್ಣ ವ್ಯಾಪಾರಿಗಳಿಗೆ, ಸ್ವಂತ ಉದ್ಯೋಗಿಗಳಿಗೆ ಅರವತ್ತರ ನಂತರ 3,000 ರೂಪಾಯಿ ಪಿಂಚಣಿ ಕೊಡುವ ಯೋಜನೆ 2019ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಮೂರು ಕೋಟಿ ವ್ಯಾಪಾರಿಗಳಿಗೆ ಇದರಿಂದ ಉಪಯೋಗ ಎಂದು ಹೇಳಲಾಗಿತ್ತು. ಸೇರಿದವರು ಒಂದು ಲಕ್ಷವೂ ಆಗಲಿಲ್ಲ. ನಲವತ್ತು ದಾಟಿದವರಿಗೆ ಬಾಗಿಲೇ ಇಲ್ಲದ ಯೋಜನೆ ಅದು. ಮೂವತ್ತರ ಹರೆಯದವನಿಗೆ ಅಂಗಡಿಯ ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ಮುಂದೆ ನಿಂತಿರುವಾಗ ಮುದಿತನ ದೂರದ ಊರಿನಂತೆ ಕಾಣುತ್ತದೆ. ಇದನ್ನು ಬೇಜವಾಬ್ದಾರಿ ಎನ್ನಲಾಗದು. ದಿನದ ಗಳಿಕೆಯಲ್ಲಿ ಬದುಕುವವನ ಮನಸ್ಸು ಎಲ್ಲ ಕಡೆ ನಡೆಯುವುದೇ ಹೀಗೆ. ಆದ್ದರಿಂದಲೇ ‘ಇಷ್ಟವಿದ್ದರೆ ಸೇರಿ’ ಎಂಬ ಮಾತು ಇಲ್ಲಿ ಸಾಲುವುದಿಲ್ಲ.

ಕಡ್ಡಾಯ ಮಾಡಿದರೆ ನಡೆಯುತ್ತದೆಯೇ? ನಡೆದ ಎರಡು ಉದಾಹರಣೆಗಳು ಇದೇ ನೆಲದಲ್ಲಿವೆ. ಮೊದಲನೆಯದು ಮಾಥಾಡಿಗಳದ್ದು. ಅಣ್ಣಾಸಾಹೇಬ ಪಾಟೀಲರು ಮುಂಬಯಿಯ ಬಂದರು, ಮಂಡಿಗಳ ಹಮಾಲರನ್ನು ಒಗ್ಗೂಡಿಸಿದಾಗ ಎದುರಾದದ್ದು ಇದೇ ಒಗಟು: ಖಾಯಂ ಮಾಲೀಕನೇ ಇಲ್ಲದವನ ಪಿ.ಎಫ್. ಕಟ್ಟುವವರು ಯಾರು? 1969ರ ಕಾಯ್ದೆ ಅದಕ್ಕೆ ಒಂದು ಜಾಣ ದಾರಿ ಹುಡುಕಿತು. ಸರಕಾರ, ವ್ಯಾಪಾರಿಗಳು, ಕಾರ್ಮಿಕರು ಮೂವರೂ ಇರುವ ಮಂಡಳಿಗಳು ಬಂದವು. ಸರಕಿನ ಧನಿ ಯಾರೇ ಆಗಿರಲಿ, ಕೂಲಿಯ ಜತೆಗೆ ಅದರ ಮೇಲೊಂದು ಲೆವಿಯನ್ನು ಮಂಡಳಿಗೇ ಕಟ್ಟಬೇಕು. ಅದು ಕೂಲಿಯ ಮೂರನೇ ಒಂದು ಭಾಗದ ಆಸುಪಾಸು, ಕೆಲವೆಡೆ ಇನ್ನೂ ಹೆಚ್ಚು. ಮಂಡಳಿ ಕೂಲಿಯನ್ನು ಟೋಳಿಗೆ ಹಂಚಿ, ಲೆವಿಯನ್ನು ಭವಿಷ್ಯನಿಧಿ, ಗ್ರಾಚ್ಯುಟಿ, ರಜೆಯ ಸಂಬಳ, ಆಸ್ಪತ್ರೆಗಳಿಗೆ ವಿಂಗಡಿಸುತ್ತದೆ. ಮಾರುಕಟ್ಟೆ ಮಸ್ಜಿದ್ ಬಂದರಿನಿಂದ ವಾಶಿಗೆ ಸ್ಥಳಾಂತರವಾದಾಗ ಈ ವ್ಯವಸ್ಥೆಯೂ ಜತೆಗೆ ಬಂತು. ಕೋಪರ್‌ಖೈರಣೆಯಲ್ಲಿ ಮಾಥಾಡಿಗಳದೇ ಆಸ್ಪತ್ರೆ ನಿಂತಿತು. ಲೆವಿಯಿಂದ ವ್ಯಾಪಾರ ಮುಳುಗಿಹೋಗುತ್ತದೆ ಎಂಬ ಭಯ ನಿಜವಾಗಿದ್ದರೆ ವಾಶಿ ಮಂಡಿ ಇಷ್ಟು ದೊಡ್ಡದಾಗಿ ಬೆಳೆಯುತ್ತಿರಲಿಲ್ಲ.

ಎರಡನೆಯದು ವೃತ್ತಿ ತೆರಿಗೆಯ ಕಥೆ. 1972ರ ಭೀಕರ ಬರಗಾಲದಲ್ಲಿ ಮಹಾರಾಷ್ಟ್ರದ ಹಳ್ಳಿಗಳು ಕಂಗಾಲಾದಾಗ, ವಿ. ಎಸ್. ಪಾಗೆಯವರು ಅದಕ್ಕೆ ಮೊದಲೇ ಸಾಂಗ್ಲಿ ಜಿಲ್ಲೆಯ ತಾಸಗಾಂವ್‌ನಲ್ಲಿ ಪರೀಕ್ಷಿಸಿದ್ದ ಉದ್ಯೋಗ ಖಾತರಿಯ ಕಲ್ಪನೆ ರಾಜ್ಯವ್ಯಾಪಿಯಾಯಿತು. ದುಡ್ಡು ಎಲ್ಲಿಂದ? 1975ರಲ್ಲಿ ವೃತ್ತಿ ತೆರಿಗೆಯ ಕಾನೂನು ಬಂತು. ಮುಂಬಯಿ, ಥಾಣೆಯ ಸಂಬಳದವರು, ವಕೀಲರು, ವೈದ್ಯರು, ಅಂಗಡಿಕಾರರು ಕಟ್ಟಿದ ಹಣ ಮರಾಠವಾಡದ ಹಳ್ಳಿಯಲ್ಲಿ ಕೆರೆ ತೋಡುವವರ ಕೂಲಿಯಾಯಿತು. ಕಟ್ಟಿದಷ್ಟೇ ಮೊತ್ತವನ್ನು ಸರಕಾರವೂ ಸೇರಿಸಿತು. 1979ರ ಜನವರಿ 26ರಿಂದ ಕೆಲಸ ಕೇಳುವುದು ಅಲ್ಲಿ ಕಾನೂನುಬದ್ಧ ಹಕ್ಕಾಯಿತು. 2005ರಲ್ಲಿ ಇಡೀ ದೇಶಕ್ಕೆ ಬಂದ ಉದ್ಯೋಗ ಖಾತರಿ ಕಾಯ್ದೆಗೆ ಇದೇ ಮಾದರಿಯಾಯಿತು. ಡೊಂಬಿವಲಿಯ ಹೊಟೇಲು ಮಾಲೀಕ ಇವತ್ತಿಗೂ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಕಟ್ಟುತ್ತಾನೆ. ಸ್ವಂತ ಉದ್ಯೋಗಿಗೆ ತೆರಿಗೆ ಹಾಕಿ ಅದನ್ನು ಒಂದೇ ಸಾಮಾಜಿಕ ಉದ್ದೇಶಕ್ಕೆ ಮುಡಿಪಿಡುವುದು ಹೊಸ ಸಾಹಸವಲ್ಲ. ಐವತ್ತು ವರ್ಷದ ಹಿಂದೆಯೇ ಈ ರಾಜ್ಯ ಅದನ್ನು ಮಾಡಿ ತೋರಿಸಿದೆ.

ಅಡ್ಡ ನಿಂತಿರುವುದು ಒಂದು ಅಂಕಿ. ಸಂವಿಧಾನದ 276ನೇ ವಿಧಿ ವೃತ್ತಿ ತೆರಿಗೆಗೆ ವರ್ಷಕ್ಕೆ 250 ರೂಪಾಯಿಯ ಮಿತಿ ಇಟ್ಟಿತ್ತು. 1988ರ ಅರವತ್ತನೇ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ಅಂದಿನಿಂದ ಬೆಲೆಗಳು ಹತ್ತು ಪಟ್ಟಿಗೂ ಮೀರಿ ಏರಿವೆ, ಮಿತಿ ಮಾತ್ರ ಅಲ್ಲೇ ಇದೆ. ಹದಿನಾಲ್ಕನೇ ಹಣಕಾಸು ಆಯೋಗ ಇದನ್ನು 12,000ಕ್ಕೆ, ಹದಿನೈದನೆಯದು 18,000ಕ್ಕೆ ಏರಿಸಲು ಸಲಹೆ ಮಾಡಿದವು. ಮಿತಿ ಇಂದು ಎಲ್ಲರಿಗೂ ಒಂದೇ ಆಗಿರುವುದರಿಂದ ಬೀದಿಬದಿಯ ಸಣ್ಣ ಹೊಟೇಲಿನವನೂ ನಾಲ್ಕು ಶಾಖೆಯ ಮಾಲೀಕನೂ ಒಂದೇ ಮೊತ್ತ ಕಟ್ಟುತ್ತಾರೆ. ಮಿತಿ ಏರಿದರೆ ಮೆಟ್ಟಿಲು ಮೆಟ್ಟಿಲಾಗಿ ದರ ಇಡಬಹುದು: ಕೆಳಗಿನವನಿಗೆ ಏನೂ ಹೆಚ್ಚಿಲ್ಲ, ಮೇಲಿನವನಿಗೆ ತಿಂಗಳಿಗೆ 1,500ರವರೆಗೆ. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಕಲ್ಯಾಣ್–ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯಲ್ಲಿ ಒಂದು ಲಕ್ಷ ಸ್ವಂತ ಉದ್ಯೋಗಿಗಳು ಸರಾಸರಿ ತಿಂಗಳಿಗೆ 500 ರೂಪಾಯಿ ಕಟ್ಟಿದರೆ ವರ್ಷಕ್ಕೆ 60 ಕೋಟಿ. ಒಬ್ಬ ಆರೈಕೆಗಾರ್ತಿಗೆ ತಿಂಗಳಿಗೆ 20,000 ರೂಪಾಯಿ ಎಂದರೆ 2,500 ಮಂದಿಗೆ ಕೆಲಸ. ಒಬ್ಬಳು ದಿನಕ್ಕೆ ಆರು ಮನೆಗೆ ಹೋಗಿ ಬಂದರೂ 15,000 ಮನೆಗಳ ಹಿರಿಯರಿಗೆ ಪ್ರತಿದಿನ ಒಂದು ಕೈಯಾಸರೆ. 2011ರಲ್ಲಿ ಆ ಪಾಲಿಕೆಯ ಜನಸಂಖ್ಯೆ ಸುಮಾರು 12.5 ಲಕ್ಷ; ಹತ್ತರಲ್ಲೊಬ್ಬರು ಹಿರಿಯರೆಂದರೆ ಸುಮಾರು ಒಂದೂಕಾಲು ಲಕ್ಷ. ಅವರಲ್ಲಿ ಹಾಸಿಗೆ ಹಿಡಿದವರನ್ನು, ಒಂಟಿಯಾಗಿರುವವರನ್ನು ಮೊದಲು ತಲುಪಲು ಇದು ಸಣ್ಣ ಆರಂಭವೇನಲ್ಲ.

ಬೇರೆ ದೇಶಗಳ ಅನುಭವವೂ ಎರಡು ಪಾಠ ಹೇಳುತ್ತದೆ. ಜಪಾನ್ 2000ದ ಏಪ್ರಿಲ್‌ನಲ್ಲಿ ಆರೈಕೆ ವಿಮೆ ಆರಂಭಿಸಿತು. ನಲವತ್ತು ದಾಟಿದ ಪ್ರತಿಯೊಬ್ಬರೂ, ನೌಕರರಿರಲಿ ಅಂಗಡಿಕಾರರಿರಲಿ, ಕಂತು ಕಟ್ಟಬೇಕು. ಖರ್ಚಿನ ಅರ್ಧ ಕಂತಿನಿಂದ, ಅರ್ಧ ತೆರಿಗೆಯಿಂದ. ನಡೆಸುವ ಹೊಣೆ ಊರಿನ ಪುರಸಭೆಯದು. ದಕ್ಷಿಣ ಕೊರಿಯಾ 2008ರಲ್ಲಿ ಅದೇ ಹಾದಿ ಹಿಡಿದು, ಆರೋಗ್ಯ ವಿಮೆಯ ಕಂತಿನ ಜತೆಗೇ ಆರೈಕೆಯ ಕಂತನ್ನೂ ಸೇರಿಸಿತು. ಬ್ರಿಟನ್ನಿನದು ಉಲ್ಟಾ ಪಾಠ. 2017ರ ಮಾರ್ಚ್‌ನಲ್ಲಿ ಅಲ್ಲಿನ ಹಣಕಾಸು ಸಚಿವ ಫಿಲಿಪ್ ಹ್ಯಾಮಂಡ್ ಸ್ವಂತ ಉದ್ಯೋಗಿಗಳ ರಾಷ್ಟ್ರೀಯ ವಿಮಾ ವಂತಿಗೆಯನ್ನು ಶೇ. 9ರಿಂದ ಹಂತಹಂತವಾಗಿ 11ಕ್ಕೆ ಏರಿಸುವುದಾಗಿ ಬಜೆಟ್ಟಿನಲ್ಲಿ ಘೋಷಿಸಿದರು. ಅದೇ ಬಜೆಟ್ಟಿನಲ್ಲಿ ಹಿರಿಯರ ಆರೈಕೆಗೆ ಹೆಚ್ಚಿನ ಹಣವೂ ಇತ್ತು. ಒಂದೇ ವಾರದಲ್ಲಿ ಅವರು ಅದನ್ನು ಹಿಂತೆಗೆದುಕೊಂಡರು. ತೆರಿಗೆ ಏರಿಸುವುದಿಲ್ಲ ಎಂಬ ಚುನಾವಣಾ ಮಾತು ಮುರಿದದ್ದು ಒಂದು ಕಾರಣ. ಕಟ್ಟುವವನಿಗೆ ತನಗೇನು ಬರುತ್ತದೆ ಎಂಬುದು ಕಾಣದಿದ್ದದ್ದು ಇನ್ನೊಂದು. ‘ಅವೆಲ್ಲ ಶ್ರೀಮಂತ ದೇಶಗಳು’ ಎಂಬ ಮಾತಿಗೆ ಉತ್ತರವನ್ನು ಹೊರಗೆ ಹುಡುಕಬೇಕಿಲ್ಲ. 1972ರ ಮಹಾರಾಷ್ಟ್ರವೇನೂ ಶ್ರೀಮಂತವಾಗಿರಲಿಲ್ಲ.

ವಿರೋಧದ ಮಾತುಗಳಿಗೆ ಬರೋಣ. ‘ಈಗಾಗಲೇ ಜಿಎಸ್‌ಟಿ, ಪರವಾನಗಿ ಶುಲ್ಕ, ಆಸ್ತಿ ತೆರಿಗೆ ಕಟ್ಟಿ ಸಾಕಾಗಿದೆ’ ಎಂದು ವ್ಯಾಪಾರಿ ಹೇಳಿದರೆ ಅದರಲ್ಲಿ ಸತ್ಯವಿದೆ. ಹೊಟೇಲಿನ ಬಿಲ್ಲಿನ ಜಿಎಸ್‌ಟಿ ಗಿರಾಕಿಯ ಹಣ ನಿಜ. ಆದರೆ ಜಿಎಸ್‌ಟಿಯ ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಹೊಟೇಲಿನವನು ವಹಿವಾಟಿನ ಶೇ. 5ನ್ನು ತನ್ನ ಗಲ್ಲೆಯಿಂದಲೇ ಕೊಡುತ್ತಾನೆ. ಹೊಸ ಹೊರೆಯನ್ನು ವ್ಯಾಪಾರಿಗಳು ಒಪ್ಪದಿದ್ದರೆ ಏನಾಗುತ್ತದೆ ಎಂಬುದನ್ನೂ ಈ ಊರುಗಳು ಕಂಡಿವೆ: ಆಕ್ಟ್ರಾಯ್ ಬದಲಿಗೆ ತಂದ ಸ್ಥಳೀಯ ಸಂಸ್ಥೆ ತೆರಿಗೆಯ ವಿರುದ್ಧ 2013ರಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದವು, 2015ರ ಆಗಸ್ಟ್ 1ರಿಂದ ಸರಕಾರ ಅದನ್ನು ಬಹುಪಾಲು ವ್ಯಾಪಾರಿಗಳಿಗೆ ರದ್ದು ಮಾಡಿತು. ಆ ತೆರಿಗೆ ಸರಕಿನ ಪ್ರತಿ ಲೆಕ್ಕವನ್ನೂ ಕೇಳುತ್ತಿತ್ತು, ಬದಲಿಗೆ ಏನು ಕೊಡುತ್ತದೆಂದು ಹೇಳುತ್ತಿರಲಿಲ್ಲ. ವೃತ್ತಿ ತೆರಿಗೆ ಹಾಗಲ್ಲ. ವರ್ಷಕ್ಕೊಮ್ಮೆ ಕಟ್ಟುವ ನಿಗದಿತ ಮೊತ್ತ. ಬಿಲ್ ಪುಸ್ತಕ ತೋರಿಸುವ ಗೋಜಿಲ್ಲ. ಅರವತ್ತೈದು ದಾಟಿದವರಿಗೆ ಈಗಲೇ ಮಾಫಿ ಇದೆ. ದಿನಗೂಲಿಗೆ ನಾಕಾದಲ್ಲಿ ನಿಲ್ಲುವ ಕಲಬುರಗಿ, ಯಾದಗಿರಿಯ ಕಟ್ಟಡ ಕೆಲಸಗಾರನಿಂದ, ರಸ್ತೆಬದಿ ಸೊಪ್ಪು ಮಾರುವವಳಿಂದ ಒಂದು ಪೈಸೆಯನ್ನೂ ಕೇಳಬಾರದು. ಅವರ ಪಾಲನ್ನು ಸರಕಾರ ತುಂಬಬೇಕು, ಉದ್ಯೋಗ ಖಾತರಿಯಲ್ಲಿ ಸಮಪಾಲು ಹಾಕಿದ ಹಾಗೆ.

ಎರಡನೆಯ ಆಕ್ಷೇಪ ಮನಸ್ಸಿಗೆ ಹತ್ತಿರದ್ದು: ತಂದೆತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಸರಕಾರಕ್ಕೇನು ಕೆಲಸ? ಧರ್ಮ ನಿಜ. ಆದರೆ ಆ ಧರ್ಮವನ್ನು ಮನೆಯಲ್ಲಿ ನಿಜಕ್ಕೂ ನಡೆಸುತ್ತಾ ಬಂದವರು ಸೊಸೆಯಂದಿರು, ಹೆಣ್ಣುಮಕ್ಕಳು. ಅತ್ತೆ ಹಾಸಿಗೆ ಹಿಡಿದರೆಂದು ಕೆಲಸ ಬಿಟ್ಟ ಸೊಸೆ ಕಳೆದುಕೊಂಡ ಸಂಬಳವೂ ಒಂದು ತೆರಿಗೆಯೇ. ಅದನ್ನು ಒಬ್ಬಳೇ ಕಟ್ಟುತ್ತಾಳೆ, ರಸೀದಿಯಿಲ್ಲದೆ. ದಿನಕ್ಕೆ ಒಂದೆರಡು ಗಂಟೆ ತರಬೇತಾದ ಕೈಯೊಂದು ಮನೆಗೆ ಬಂದರೆ ಮಕ್ಕಳ ಪ್ರೀತಿ ಕಡಿಮೆಯಾಗುವುದಿಲ್ಲ. ದಣಿವು ಕಡಿಮೆಯಾಗಿ ಪ್ರೀತಿಗೆ ಉಸಿರಾಡಲು ಜಾಗ ಸಿಗುತ್ತದೆ. ಇನ್ನು ನಮ್ಮ ಸಂಘಗಳೇ ಇದನ್ನು ಮಾಡಲಾಗದೇ ಎಂದು ಕೇಳಬಹುದು. ಹೊಟೇಲು ಹುಡುಗರಿಗಾಗಿ ರಾತ್ರಿಶಾಲೆ ಕಟ್ಟಿದ, 1978ರಲ್ಲಿ ಭಾರತ್ ಬ್ಯಾಂಕ್ ಸ್ಥಾಪಿಸಿದ ಮುಂಬಯಿಯ ತುಳು ಕನ್ನಡಿಗರಿಗೆ ಸಂಘಟನೆಯ ಶಕ್ತಿ ಇದೆ. ಆದರೆ ಸಂಘ ಸದಸ್ಯನನ್ನು ನೋಡುತ್ತದೆ. ಪಕ್ಕದ ಫ್ಲ್ಯಾಟಿನ ಮರಾಠಿ ಅಜ್ಜಿಯನ್ನೂ ಮಲಯಾಳಿ ಅಜ್ಜನನ್ನೂ ಸೇರಿಸಿ ನೋಡುವುದು ಊರಿನ ಆಡಳಿತಕ್ಕಷ್ಟೇ ಸಾಧ್ಯ. ಸಂಘಗಳು ಆರೈಕೆ ಕೇಂದ್ರ ನಡೆಸುವ ಜತೆಗಾರರಾಗಲಿ, ನಿಧಿಗೆ ಬದಲಿಯಾಗುವುದು ಬೇಡ.

ಮೂರನೆಯ ಆಕ್ಷೇಪವೇ ಅತ್ಯಂತ ಗಟ್ಟಿಯಾದದ್ದು: ಹಣ ಸಂಗ್ರಹವಾಗುತ್ತದೆ, ತಲುಪುವುದಿಲ್ಲ. ಕಟ್ಟಡ ಕಾರ್ಮಿಕರ ಸೆಸ್ ಇದಕ್ಕೆ ಸಾಕ್ಷಿ. 1996ರ ಕಾಯ್ದೆಯಡಿ ಕಟ್ಟಡ ವೆಚ್ಚದ ಶೇ. 1ರಂತೆ ಸಂಗ್ರಹವಾದ ಸುಮಾರು 37,400 ಕೋಟಿ ರೂಪಾಯಿಯಲ್ಲಿ ಬಳಕೆಯಾದದ್ದು ಸುಮಾರು 9,500 ಕೋಟಿ ಎಂಬುದು ಬಯಲಾದಾಗ ಸುಪ್ರೀಂ ಕೋರ್ಟು ಕಟುವಾಗಿ ಮಾತನಾಡಿತು. ಆ ನಿಧಿಯಿಂದ ವಾಷಿಂಗ್ ಮೆಷಿನ್, ಲ್ಯಾಪ್‌ಟಾಪ್ ಕೊಂಡದ್ದನ್ನು 2018ರ ತೀರ್ಪು ಖಂಡಿಸಿತು. ಮಹಾರಾಷ್ಟ್ರದ ಉದ್ಯೋಗ ಖಾತರಿ ನಿಧಿಯಲ್ಲೂ ಖರ್ಚಾಗದ ಹಣ ವರ್ಷಗಟ್ಟಲೆ ಕೊಳೆಯಿತು. ಮಾಥಾಡಿ ಲೆವಿ ಏಕೆ ಹಾಗಾಗಲಿಲ್ಲ? ಹಣ ಯಾರದ್ದೋ ಅವರೇ ಮಂಡಳಿಯಲ್ಲಿ ಕೂತಿದ್ದರು, ಮತ್ತು ಪ್ರತಿ ಕಾರ್ಮಿಕನ ಹೆಸರಿನಲ್ಲಿ ಖಾತೆ ಇತ್ತು. ಹೊಸ ನಿಧಿಗೂ ಇದೇ ಎರಡು ಗುಣ ಬೇಕು. ಅದು ರಾಜ್ಯದ ಬೊಕ್ಕಸಕ್ಕೆ ಸೇರದೆ ಪಾಲಿಕೆ ಮಟ್ಟದ ಮಂಡಳಿಯಲ್ಲಿರಬೇಕು. ವ್ಯಾಪಾರಿ ಸಂಘದವರು, ಜ್ಯೇಷ್ಠ ನಾಗರಿಕ ಸಂಘದವರು, ಆರೈಕೆ ಮಾಡುವ ಹೆಂಗಸರ ಪ್ರತಿನಿಧಿಗಳು ಅಲ್ಲಿ ಕೂರಬೇಕು. ಹತ್ತು ವರ್ಷ ಕಟ್ಟಿದವನಿಗೆ ತನಗೂ ತನ್ನ ಸಂಗಾತಿಗೂ ಆರೈಕೆ ಪಡೆಯುವ ಹಕ್ಕು ಬರಹದಲ್ಲಿ ಸಿಗಬೇಕು. ವರ್ಷದೊಳಗೆ ಖರ್ಚಾಗದ ಹಣದ ಲೆಕ್ಕ ವಾರ್ಡ್ ಕಚೇರಿಯ ಗೋಡೆಯ ಮೇಲೆ ಬರಬೇಕು.

ಆರಂಭಿಸಲು ಸಂವಿಧಾನದ ತಿದ್ದುಪಡಿಯವರೆಗೂ ಕಾಯಬೇಕಿಲ್ಲ. ನವಿಮುಂಬಯಿ ಪಾಲಿಕೆ ಹಿರಿಯರಿಗಾಗಿ ನಡೆಸುವ ವಿರಂಗುಳಾ ಕೇಂದ್ರಗಳಲ್ಲಿ ಈಗ ಪತ್ರಿಕೆ, ಕೇರಂ, ಹರಟೆ ಇವೆ. ಈಗಿನ 2,500 ರೂಪಾಯಿಯಲ್ಲೇ ಒಂದು ಸಣ್ಣ ಪಾಲನ್ನು ರಾಜ್ಯ ಪಾಲಿಕೆಗಳಿಗೆ ಬಿಟ್ಟುಕೊಟ್ಟರೆ, ಅಂಥ ಕೇಂದ್ರಗಳಿಂದಲೇ ಆರೈಕೆಗಾರ್ತಿಯರು ಮನೆಮನೆಗೆ ಹೊರಡಬಹುದು. ಕೊಡುವುದನ್ನು ಮೊದಲು ತೋರಿಸಿ, ಹೆಚ್ಚು ಕೇಳುವುದನ್ನು ಆಮೇಲೆ ಮಾಡಿದರೆ ಬ್ರಿಟನ್ನಿನ ತಪ್ಪು ಇಲ್ಲಿ ಆಗದು. ಆಗ ಹೊಟೇಲಿನ ಗೋಡೆಗೆ ತೂಗುಹಾಕಿದ ವೃತ್ತಿ ತೆರಿಗೆಯ ನೋಂದಣಿ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಬೇಕು: ಈ ವರ್ಷ ಈ ವಾರ್ಡಿನಲ್ಲಿ ಎಷ್ಟು ಮನೆಗಳಿಗೆ ಆರೈಕೆ ತಲುಪಿತು, ಎಷ್ಟು ಹಿರಿಯರು ಇನ್ನೂ ಕಾಯುತ್ತಿದ್ದಾರೆ ಎಂಬ ಸಾಲು. ಗಲ್ಲೆಯಲ್ಲಿ ಕೂತವನು ದಿನವೂ ಅದನ್ನು ಓದಲಿ. ಕಾಯುವವರ ಆ ಪಟ್ಟಿಯಲ್ಲಿ ಒಂದು ದಿನ ಅವನ ಹೆಸರೂ ಇರುತ್ತದೆ.